ಮಾರ್ಚ್ ಮೂವತ್ತೊಂದರ ಭಯ

(ಹಿರೀಸಾವೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ನಾವು ನರ್ಸುಗಳ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇವೆ. ಹಾಸ್ಟೆಲ್ ಹುಡುಗರ ಸಭೆಯಲ್ಲಿ ನರ್ಸುಗಳ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ನಿಮ್ಮ ಅಕ್ಕನೋ, ತಂಗಿಯೋ, ಅತ್ತಿಗೆಯೋ, ಚಿಕ್ಕವ್ವನ ಮಗಳೋ ನರ್ಸಿಂಗ್ ಓದುತ್ತಿದ್ದರೆ, ಓದಿ ಮುಗಿಸಿದ್ದರೆ ಈ ಪ್ರಶ್ನೆ ಹುಟ್ಟೋದಿಲ್ಲ. ಹಿರೀಸಾವೆ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಯ ನಮ್ಮ ಕೇರಿಗಳಲ್ಲಿ ಪಿಯುಸಿ ಪಾಸು ಮಾಡಿದ ಹೆಣ್ಣುಮಗಳಿಗೆ ಮನೆಯವರು ಎರಡೇ ದಾರಿ ತೋರಿಸುತ್ತಾರೆ. ಒಂದು ಟೀಚರ್ ಟ್ರೈನಿಂಗು, ಇನ್ನೊಂದು ನರ್ಸಿಂಗು. ಡಾಕ್ಟರ್ ಓದಿಸೋ ದುಡ್ಡು ನಮ್ಮ ಹತ್ತಿರ ಇಲ್ಲ. ಜಿಎನ್‌ಎಂ ಆದರೆ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ಆದರೆ ನಾಲ್ಕು ವರ್ಷ. ಮುಗಿದ ತಕ್ಷಣ ಕೆಲಸ ಸಿಗುತ್ತೆ ಅಂತಾರೆ.

ಕೆಲಸ ಸಿಗೋದು ನಿಜ. ಆದರೆ ಎಷ್ಟು ದಿನಕ್ಕೆ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಮೇಲೇ ಇದೆ.

ಮೊದಲು ಈ ಕೆಲಸದ ಹಿನ್ನೆಲೆ ನೋಡೋಣ. ರೋಗಿಯ ಮೈ ಮುಟ್ಟೋ ಕೆಲಸ ಇದು. ರಕ್ತ, ಕೀವು, ವಾಂತಿ, ಮಲಮೂತ್ರ, ಹೆರಿಗೆಯ ಮೈಲಿಗೆ ಎಲ್ಲವನ್ನೂ ಕೈಯಲ್ಲಿ ಮುಟ್ಟಬೇಕು. ಮಡಿ ಮೈಲಿಗೆಯನ್ನೇ ಧರ್ಮ ಮಾಡಿಕೊಂಡ ದೇಶದಲ್ಲಿ ಮೇಲ್ಜಾತಿಯ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ಬಹಳ ಕಾಲ ಈ ಕೆಲಸಕ್ಕೆ ಕಳಿಸಲಿಲ್ಲ. ಮಿಷನ್ ಆಸ್ಪತ್ರೆಗಳು ಬಡವರ ಮನೆಯ ಹೆಣ್ಣುಮಕ್ಕಳನ್ನು, ವಿಧವೆಯರನ್ನು, ಕ್ರೈಸ್ತರಾದವರನ್ನು ಕರೆದು ಕಲಿಸಿದವು. ಹಾಸನದ ರೆಡ್‌ಫರ್ನ್ ಆಸ್ಪತ್ರೆ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ನಮ್ಮ ಸೀಮೆಯವರಿಗೆ ಗೊತ್ತಿರೋ ಹೆಸರುಗಳು. 1946ರಲ್ಲಿ ಭೋರ್ ಸಮಿತಿ ತನ್ನ ವರದಿ ಕೊಟ್ಟಾಗ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬ ನರ್ಸು.

1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ಫುಲೆ ರೋಗಿಗಳ ಸೇವೆಗೆ ನಿಂತರು. ಅದೇ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅವರನ್ನು ನಾವು ಅಕ್ಷರದವ್ವ ಅಂತ ನೆನೆಯುತ್ತೇವೆ. ಅವರು ಪ್ರಾಣ ಬಿಟ್ಟಿದ್ದು ರೋಗಿಯನ್ನು ಮುಟ್ಟೋ ಕೆಲಸದಲ್ಲಿ ಅನ್ನೋದನ್ನೂ ನೆನೆಯಬೇಕು. ನಮ್ಮನ್ನು ಮುಟ್ಟಬಾರದು ಅಂದ ಊರೇ ಕಾಯಿಲೆ ಬಿದ್ದಾಗ ಬಂದು ಮುಟ್ಟು ಅನ್ನುತ್ತೆ. ಕಾಯಿಲೆ ವಾಸಿಯಾದ ಮೇಲೆ ಮುಟ್ಟಿದ ಕೈಗೆ ಸಿಗೋದು ಏನು?

ಈಗ ಗುತ್ತಿಗೆಯ ವಿಷಯಕ್ಕೆ ಬರೋಣ.

ಮೊದಲು ಸರ್ಕಾರಿ ಆಸ್ಪತ್ರೆಯ ನರ್ಸು ಅಂದರೆ ಕಾಯಂ ನೌಕರಿ. ಪರೀಕ್ಷೆ, ಮೀಸಲಾತಿ, ನೇಮಕ, ಪಿಂಚಣಿ ಎಲ್ಲ ಇದ್ದವು. 2005ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರು ಮಾಡಿತು. 2013ರಲ್ಲಿ ಅದಕ್ಕೆ ಪಟ್ಟಣದ ಅಭಿಯಾನವನ್ನೂ ಸೇರಿಸಿ ರಾಷ್ಟ್ರೀಯ ಆರೋಗ್ಯ ಅಭಿಯಾನ ಅಂದರು. ಆ ಯೋಜನೆಯಿಂದ ಹಳ್ಳಿ ಆಸ್ಪತ್ರೆಗಳಿಗೆ ಒಳ್ಳೇದಾಗಿದೆ, ಇಲ್ಲ ಅನ್ನೋದಿಲ್ಲ. ರಾತ್ರಿ ಹೊತ್ತು ಬಾಗಿಲು ಹಾಕಿರುತ್ತಿದ್ದ ಕಡೆ ಹೆರಿಗೆ ಆಗೋ ಹಾಗಾಯಿತು. ಆದರೆ ಆ ಹೆರಿಗೆ ಮಾಡಿಸೋ ನರ್ಸನ್ನು ಗುತ್ತಿಗೆ ಮೇಲೆ ತೆಗೆದುಕೊಂಡರು. ಯೋಜನೆಯ ಹಣ ಆಯಾ ವರ್ಷಕ್ಕೆ ಮಂಜೂರಾಗುತ್ತೆ, ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ, ಅವಳ ಕರಾರೂ ಅದರ ಜೊತೆಗೇ ಮುಗಿಯುತ್ತೆ. ಮುಂದಿನ ವರ್ಷಕ್ಕೆ ಮತ್ತೆ ಸಹಿ. ಹತ್ತು ವರ್ಷ ದುಡಿದವಳು ಹತ್ತು ಸಲ ಹೊಸಬಳಾಗಿ ಸಹಿ ಹಾಕಿರುತ್ತಾಳೆ.

ಇದು ಸರ್ಕಾರಿ ಯೋಜನೆಯವರ ಕತೆ. ಹೊರಗುತ್ತಿಗೆಯವರದು ಇನ್ನೂ ಕಷ್ಟ. ದುಡಿಯೋದು ಆಸ್ಪತ್ರೆಯಲ್ಲಿ, ಸಂಬಳ ಕೊಡೋನು ಏಜೆನ್ಸಿಯವನು. ಆಸ್ಪತ್ರೆಯವರನ್ನು ಕೇಳಿದರೆ ಏಜೆನ್ಸಿಯವರನ್ನು ಕೇಳಮ್ಮ ಅಂತಾರೆ. ಏಜೆನ್ಸಿಯವರನ್ನು ಕೇಳಿದರೆ ಬಿಲ್ ಪಾಸಾಗಿಲ್ಲ ಅಂತಾರೆ. ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಎಷ್ಟೋ ಕಡೆ ಕರಾರಿನ ಕಾಗದವೇ ಇಲ್ಲ. ನಾಳೆಯಿಂದ ಬರಬೇಡ ಅನ್ನೋ ಒಂದು ಬಾಯಿಮಾತು ಸಾಕು.

ಇಷ್ಟು ನಿಮಗೂ ಗೊತ್ತಿರಬಹುದು. ಗುತ್ತಿಗೆ ಅಂದ ಕೂಡಲೇ ನಾವೆಲ್ಲ ಸಂಬಳದ ಲೆಕ್ಕ ಹಾಕುತ್ತೇವೆ. ಅದೇ ವಾರ್ಡಿನಲ್ಲಿ ಅದೇ ಕೆಲಸ ಮಾಡೋ ಕಾಯಂ ನರ್ಸಿಗೆ ಎಷ್ಟು, ಇವಳಿಗೆ ಎಷ್ಟು ಅಂತ. ಆ ಲೆಕ್ಕ ಬೇಕು. ಆದರೆ ನಾವು ಇವತ್ತು ಹೇಳಬೇಕಾದ್ದು ಬೇರೆ. ಆ ಮಾರ್ಚ್ ಮೂವತ್ತೊಂದು ಆಸ್ಪತ್ರೆಯ ಗೇಟಿನ ಹತ್ತಿರ ನಿಂತುಕೊಳ್ಳೋದಿಲ್ಲ. ಅವಳ ಬ್ಯಾಗಿನೊಳಗೆ ಕೂತು ಮನೆಗೆ ಬರುತ್ತೆ.

ಮದುವೆಯ ಮಾತಿಗೆ ಬಂದವರು ಹುಡುಗಿ ಏನು ಮಾಡ್ತಾಳೆ ಅಂತ ಕೇಳ್ತಾರೆ. ನರ್ಸು ಅಂದರೆ ಮುಂದಿನ ಮಾತು ‘ಪರ್ಮನೆಂಟಾ?’ ಅಲ್ಲ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತೆ, ಇಲ್ಲ ವರದಕ್ಷಿಣೆ ಏರುತ್ತೆ. ಮುಂದಿನ ವರ್ಷ ಕಾಯಂ ಆಗುತ್ತೆ, ಆಮೇಲೆ ನೋಡೋಣ ಅಂತ ಅವಳೇ ಮದುವೆ ಮುಂದಕ್ಕೆ ಹಾಕುತ್ತಾಳೆ. ಆ ಮುಂದಿನ ವರ್ಷ ಬರೋದೇ ಇಲ್ಲ.

ಮದುವೆ ಆಯಿತು ಅನ್ನಿ. ಮಗು ಯಾವಾಗ? ಡಿಸೆಂಬರ್, ಜನವರಿಯಲ್ಲಿ ಹೆರಿಗೆ ಆದರೆ ಮಾರ್ಚ್‌ನಲ್ಲಿ ಸಹಿ ಹಾಕೋಕೆ ಕರೀತಾರೋ ಇಲ್ಲವೋ ಅನ್ನೋ ಭಯ. ಒಬ್ಬಾಕೆ ನಮ್ಮ ಹತ್ತಿರ ಹೇಳಿದರು: “ನಾನು ದಿನಾ ಇನ್ನೊಬ್ಬರ ಹೊಟ್ಟೆ ಮುಟ್ಟಿ ಎಷ್ಟು ತಿಂಗಳು ಅಂತ ಲೆಕ್ಕ ಹೇಳ್ತೀನಿ ಕಣಪ್ಪ. ನನ್ನ ಹೊಟ್ಟೆ ಮಾತ್ರ ಏಳು ತಿಂಗಳವರೆಗೆ ಯಾರಿಗೂ ಕಾಣದ ಹಾಗೆ ಸೀರೆ ಉಟ್ಟೆ.” ನೂರಾರು ಹೆರಿಗೆ ಮಾಡಿಸಿದ ಕೈ ತನ್ನ ಬಸಿರನ್ನೇ ಮುಚ್ಚಿಡಬೇಕಾದ ಸ್ಥಿತಿ ಇದು. ಏಳನೇ ತಿಂಗಳಲ್ಲೂ ರಾತ್ರಿ ಪಾಳಿ ಬೇಡ ಅನ್ನೋ ಹಾಗಿರಲಿಲ್ಲ.

ಮಗು ಹುಟ್ಟಿದ ಮೇಲೆ ಅದು ಬೆಳೆಯೋದು ಅಜ್ಜಿಯ ಹತ್ತಿರ. ತಾಯಿ ಹಾಸನದಲ್ಲೋ ಬೆಂಗಳೂರಲ್ಲೋ ಪಿಜಿ ರೂಮಿನಲ್ಲಿ ಇರುತ್ತಾಳೆ. ಇಡೀ ಸಂಸಾರ ಕಿತ್ತುಕೊಂಡು ಅಲ್ಲಿಗೆ ಹೋಗೋಣ ಅಂದರೆ ಮನೆಯ ಅಡ್ವಾನ್ಸ್ ಯಾವ ಧೈರ್ಯದ ಮೇಲೆ ಕೊಡೋದು? ಮಗುವನ್ನು ಯಾವ ಸ್ಕೂಲಿಗೆ ಸೇರಿಸೋದು? ಬ್ಯಾಂಕಿಗೆ ಹೋದರೆ ಕಾಯಂ ನೌಕರಿಯ ಕಾಗದ ಕೇಳ್ತಾರೆ. ಇಲ್ಲ ಅಂದರೆ ಕೈಸಾಲದ ಬಡ್ಡಿಯೇ ಗತಿ. ಓದಿಗೆ ಮಾಡಿದ ಸಾಲದ ಮೇಲೆ ಇನ್ನೊಂದು ಸಾಲ. ವಾರಕ್ಕೊಮ್ಮೆ ಬಸ್ಸೋ ರೈಲೋ ಹತ್ತಿ ಬಂದ ತಾಯಿಯನ್ನು ನೋಡಿ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗುತ್ತೆ.

ಇನ್ನು ಗಂಡ ಹೆಂಡಿರ ನಡುವೆ. ಅವನದೂ ಕೂಲಿಯೋ ಡ್ರೈವರ್ ಕೆಲಸವೋ ಆಗಿದ್ದರೆ ಮನೆಯ ಭಾರ ಅವಳ ಸಂಬಳದ ಮೇಲೆ. ಎರಡು ತಿಂಗಳು ಸಂಬಳ ನಿಂತರೆ ಜಗಳ. ರಾತ್ರಿ ಡ್ಯೂಟಿಗೆ ಹೋದರೆ ಅನುಮಾನ. ಹನ್ನೆರಡು ತಾಸು ನಿಂತು ಬಂದವಳೇ ಒಲೆ ಹಚ್ಚಬೇಕು. ಗಂಡಸರಾದ ನಾವು ಇಲ್ಲಿ ತಲೆ ತಗ್ಗಿಸದೆ ಕೇಳಿಸಿಕೊಳ್ಳಬೇಕು: ಸರ್ಕಾರ ಅವಳನ್ನು ಕಾಯಂ ಮಾಡೋದಿಲ್ಲ, ಮನೆ ಮಾತ್ರ ಒಲೆಯ ಮುಂದೆ ಅವಳನ್ನು ಕಾಯಂ ಮಾಡಿಬಿಟ್ಟಿದೆ.

ಮೈ ಮನಸ್ಸಿನ ಮಾತು ಇನ್ನೊಂದಿದೆ. ಹಗಲು ರಾತ್ರಿ ಅದಲುಬದಲಾಗೋ ಪಾಳಿಯೇ ದೇಹಕ್ಕೆ ಕೆಟ್ಟದ್ದು. ರಾತ್ರಿ ಪಾಳಿಯಿಂದ ಕ್ಯಾನ್ಸರ್ ಬರೋ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಹೇಳಿತು. ಕಾಯಂ ನರ್ಸಿಗೂ ಪಾಳಿ ಇದೆ. ಆದರೆ ಅವಳು ರಜೆ ಕೇಳಬಹುದು, ಸುಸ್ತಾಗಿದೆ ಅನ್ನಬಹುದು. ಗುತ್ತಿಗೆಯವಳು ಸುಸ್ತು ಅಂದರೆ ಅದು ಮಾರ್ಚ್‌ನಲ್ಲಿ ಅವಳ ವಿರುದ್ಧದ ಸಾಕ್ಷಿ. ಜ್ವರ ಬಂದರೂ ಮಾತ್ರೆ ನುಂಗಿ ಹೋಗುತ್ತಾಳೆ. ಫೆಬ್ರವರಿ ಬಂತು ಅಂದರೆ ನಿದ್ದೆ ಬರೋದಿಲ್ಲ, ಊಟ ಸೇರೋದಿಲ್ಲ ಅಂತ ಎಷ್ಟೋ ಜನ ಹೇಳ್ತಾರೆ. ಕೆಲಸ ಹೋದವನಿಗೆ ಒಂದು ಸಲ ಏಟು ಬೀಳುತ್ತೆ, ಆಮೇಲೆ ಬೇರೆ ದಾರಿ ಹುಡುಕುತ್ತಾನೆ. ಕೆಲಸ ಹೋಗಬಹುದು ಅನ್ನೋ ಭಯದವಳಿಗೆ ಏಟು ದಿನಾ ಬೀಳುತ್ತೆ, ಅವಳು ದಾರಿ ಹುಡುಕೋ ಹಾಗೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಬಾಯಿಯದು. ಗ್ಲೌಸ್ ಇಲ್ಲ, ಔಷಧಿ ಮುಗಿದಿದೆ, ನಲವತ್ತು ರೋಗಿಗಳಿಗೆ ನಾನೊಬ್ಬಳೇ, ಡಾಕ್ಟರು ಕೆಟ್ಟದಾಗಿ ಮಾತಾಡಿದರು, ಜಾತಿ ಹಿಡಿದು ಬೈದರು ಅಂತ ಹೇಳೋ ಬಾಯಿ ಅವಳಿಗೆ ಇರೋದಿಲ್ಲ. ಹೇಳಿದವಳ ಹೆಸರು ಮುಂದಿನ ಪಟ್ಟಿಯಲ್ಲಿ ಇರೋದಿಲ್ಲ. ಹಾಗಾಗಿ ನಾವು ಹೇಳೋದು ಇಷ್ಟು. ಕಾಯಂ ಅನ್ನೋದು ಬರೀ ಸಂಬಳ, ಪಿಂಚಣಿಯ ಮಾತಲ್ಲ. ಅದು ಹೆದರದೆ ಬಾಯಿ ತೆರೆಯೋ ಹಕ್ಕು. ನರ್ಸಿಗೆ ಆ ಹಕ್ಕು ಇಲ್ಲದ ಆಸ್ಪತ್ರೆಯಲ್ಲಿ ರೋಗಿಗೂ ರಕ್ಷಣೆ ಇಲ್ಲ. ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಮಲಗೋರು ಯಾರು? ನಮ್ಮ ಅವ್ವ, ನಮ್ಮ ಅಪ್ಪ.

2020ನೇ ಇಸವಿಯನ್ನು ನೆನೆಸಿಕೊಳ್ಳಿ. ಆ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆ ನರ್ಸುಗಳ, ಸೂಲಗಿತ್ತಿಯರ ವರ್ಷ ಅಂತ ಮೊದಲೇ ಸಾರಿತ್ತು. ಅದೇ ವರ್ಷ ಕೊರೊನಾ ಬಂತು. ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶವೆಲ್ಲ ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ಅದೇ ದೇಶದಲ್ಲಿ ಬಾಡಿಗೆ ಮನೆಯ ಮಾಲೀಕರು ನರ್ಸುಗಳನ್ನು ಮನೆ ಖಾಲಿ ಮಾಡಿ ಅಂದರು. ಸೆಪ್ಟೆಂಬರ್ ಹೊತ್ತಿಗೆ ಕರ್ನಾಟಕದ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಮುಷ್ಕರ ಮಾಡಬೇಕಾಯಿತು. 2023ರ ಫೆಬ್ರವರಿಯಲ್ಲಿ ಮತ್ತೆ ಬೀದಿಗೆ ಇಳಿದರು. ಸಂಬಳ ಒಂದಿಷ್ಟು ಏರಿತು, ಕಾಯಂ ಮಾತ್ರ ಆಗಲಿಲ್ಲ. ಚಪ್ಪಾಳೆಗೆ ಖರ್ಚಿಲ್ಲ ನೋಡಿ, ಅದನ್ನು ಧಾರಾಳವಾಗಿ ಕೊಟ್ಟರು.

ಗೆಳೆಯರೇ, ನಮ್ಮದು ತೆಂಗಿನ ಸೀಮೆ. ನಿಮಗೆ ತೆಂಗಿನ ಮಾತಲ್ಲೇ ಹೇಳ್ತೇವೆ. ವಾರಕ್ಕೆ ಹೊಲ ಮಾಡೋನು ರಾಗಿ ಬಿತ್ತುತ್ತಾನೆ, ಹುರುಳಿ ಚೆಲ್ಲುತ್ತಾನೆ. ತೆಂಗಿನ ಸಸಿ ನೆಡೋದಿಲ್ಲ. ಯಾಕೆ? ಅದು ಫಲ ಕೊಡೋಕೆ ಐದಾರು ವರ್ಷ ಬೇಕು, ಹೊಲ ಮುಂದಿನ ವರ್ಷ ಅವನ ಕೈಯಲ್ಲಿ ಇರುತ್ತೋ ಇಲ್ಲವೋ. ಸಂಸಾರ ಅನ್ನೋದು ತೆಂಗಿನ ಸಸಿ ಇದ್ದ ಹಾಗೆ. ಮದುವೆ, ಮಕ್ಕಳು, ಒಂದು ಸೂರು, ಅಪ್ಪ ಅವ್ವನ ಮುಪ್ಪು, ಎಲ್ಲಕ್ಕೂ ವರ್ಷಗಳು ಬೇಕು. ವರ್ಷವರ್ಷಕ್ಕೂ ಎಬ್ಬಿಸೋ ನೆಲದಲ್ಲಿ ಅದನ್ನು ನೆಡು ಅಂದರೆ ಎಲ್ಲಿ ನೆಡೋದು?

ಈ ಅನ್ಯಾಯ ನೆಲದ ವಿಷಯದಲ್ಲಿ ಸರ್ಕಾರಕ್ಕೆ ಅರ್ಥ ಆಗಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಿತ್ತುಹಾಕಿತು. ಉಳುವವನೇ ಹೊಲದೊಡೆಯ ಅಂದರು. ಗೇಣಿದಾರರೇ ಅಲ್ಲದ, ಬರೀ ಕೂಲಿಗಳಾಗಿದ್ದ ನಮ್ಮವರಲ್ಲಿ ಬಹಳ ಜನಕ್ಕೆ ಆಗ ನೆಲ ಸಿಗಲಿಲ್ಲ. ನೆಲ ಇಲ್ಲದಿದ್ದರೇನು, ಓದಿ ನೌಕರಿ ಹಿಡಿಯೋಣ ಅಂತ ನಾವು ಹಾಸ್ಟೆಲ್ ಸೇರಿದೆವು. ನಾವು ನೌಕರಿಯ ಬಾಗಿಲಿಗೆ ಬರೋ ಹೊತ್ತಿಗೆ ನೌಕರಿಯನ್ನೇ ಗೇಣಿಗೆ ಕೊಡೋಕೆ ಶುರು ಮಾಡಿದ್ದಾರೆ.

ಇದನ್ನು ಜೀತ ಅಂತ ಕೆಲವರು ಭಾಷಣದಲ್ಲಿ ಹೇಳ್ತಾರೆ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ನಮ್ಮ ಅಜ್ಜಂದಿರು ಕಂಡ ಜೀತ ಬೇರೆ. ಜೀತದಾಳಿಗೆ ಬಿಟ್ಟು ಹೋಗೋ ಹಕ್ಕು ಇರಲಿಲ್ಲ. ಗುತ್ತಿಗೆಯವಳಿಗೆ ಉಳಿಯೋ ಹಕ್ಕಿಲ್ಲ. ಎರಡೂ ಒಂದೇ ಅನ್ನೋದು ಬೇಡ. ಎರಡರಲ್ಲೂ ನಾಳೆ ಅನ್ನೋದು ಇನ್ನೊಬ್ಬರ ಜೇಬಿನಲ್ಲಿ ಇರುತ್ತೆ, ಅಷ್ಟನ್ನು ತಿಳಿದುಕೊಳ್ಳೋಣ.

ಮೀಸಲಾತಿಯ ಮಾತು ಬಿಡೋ ಹಾಗಿಲ್ಲ. ಕಾಯಂ ಹುದ್ದೆ ತುಂಬುವಾಗ ಮೀಸಲಾತಿ ಪಾಲಿಸಲೇಬೇಕು. ಹುದ್ದೆಯನ್ನೇ ತುಂಬದೆ ಏಜೆನ್ಸಿಗೆ ಕೊಟ್ಟುಬಿಟ್ಟರೆ? 2024ರಲ್ಲಿ ಕರ್ನಾಟಕ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಿ ಅಂತ ಆದೇಶ ಮಾಡಿತು. ಒಳ್ಳೇದೇ. ಆದರೆ ವರ್ಷಕ್ಕೊಮ್ಮೆ ಎಬ್ಬಿಸೋ ಕುರ್ಚಿಯಲ್ಲಿ ನಮಗೆ ಪಾಲು ಕೊಟ್ಟರೆ ಅಷ್ಟಕ್ಕೇ ಸಮಾಧಾನ ಪಡೋಣವೇ? ಕುರ್ಚಿಯನ್ನು ನೆಲಕ್ಕೆ ಊರಿ ಅಂತ ನಾವು ಕೇಳಬೇಕು.

ಕೋರ್ಟು ಏನು ಹೇಳಿದೆ ಅಂತ ನೀವು ಕೇಳ್ತೀರಿ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಾಧೀಶರ ಪೀಠ ಉಮಾದೇವಿ ಕೇಸಿನ ತೀರ್ಪು ಕೊಟ್ಟಿತು. ಅದು ನಮ್ಮ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಕೇಸು. ನೇಮಕದ ನಿಯಮದ ಪ್ರಕಾರ ಒಳಗೆ ಬರದವರು ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋ ಹಾಗಿಲ್ಲ ಅಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು: ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರನ್ನು ಒಂದು ಸಲ ಕಾಯಂ ಮಾಡಿ, ಖಾಲಿ ಹುದ್ದೆಗಳನ್ನು ಸರಿಯಾಗಿ ನೇಮಕ ಮಾಡಿ ತುಂಬಿ ಅಂತ. ಸರ್ಕಾರಗಳು ಮೊದಲ ಮಾತನ್ನು ಬಾಯಿಪಾಠ ಮಾಡಿದವು, ಎರಡನೆಯದನ್ನು ಮರೆತವು. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಗಟ್ಟಲೆ ಕಸ ಗುಡಿಸಿದ ಹೆಂಗಸರು ಹಾಕಿದ ಜಗ್ಗೋ ಕೇಸಿನಲ್ಲಿ 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟೇ ಇದನ್ನು ಹೇಳಿತು. ಉಮಾದೇವಿ ತೀರ್ಪನ್ನು ದುಡಿಯೋರ ಮೇಲೆ ಆಯುಧ ಮಾಡಿಕೊಳ್ಳಬೇಡಿ ಅಂದಿತು, ಅವರನ್ನು ಕಾಯಂ ಮಾಡಿ ಅಂತ ಆದೇಶ ಕೊಟ್ಟಿತು.

ಹೆರಿಗೆ ರಜೆಯ ವಿಷಯದಲ್ಲಂತೂ ಗುತ್ತಿಗೆ ಅನ್ನೋ ನೆಪವೇ ಇಲ್ಲ. ಬಾಬಾಸಾಹೇಬರು 1928ರಲ್ಲೇ ಬೊಂಬಾಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯನ್ನು ಬೆಂಬಲಿಸಿ ಮಾತಾಡಿದ್ದರು. ದುಡಿಯೋ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ ಅನ್ನೋದು ಅವರ ವಾದ. 1961ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಮಾಡಿ ರಜೆಯನ್ನು 26 ವಾರಕ್ಕೆ ಏರಿಸಿದರು. 2025ರ ನವೆಂಬರ್‌ನಲ್ಲಿ ಆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿತು, 26 ವಾರ ಹಾಗೇ ಉಳಿಯಿತು. ದೆಹಲಿಯ ರಸ್ತೆ ಕೆಲಸದ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಅಂತ ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದೆ. ರಜೆಯ ನಡುವೆ ಕರಾರು ಮುಗಿದರೂ ಪೂರ್ತಿ ಸೌಲಭ್ಯ ಕೊಡಬೇಕು ಅಂತ 2023ರ ಆಗಸ್ಟ್‌ನಲ್ಲಿ ದೆಹಲಿಯ ಗುತ್ತಿಗೆ ವೈದ್ಯೆಯೊಬ್ಬರ ಕೇಸಿನಲ್ಲಿ ಹೇಳಿದೆ. ಹೊಟ್ಟೆ ಮುಚ್ಚಿಕೊಂಡು ಓಡಾಡೋ ನಮ್ಮ ಅಕ್ಕಂದಿರಿಗೆ ಈ ಮಾತು ತಲುಪಿದೆಯೇ? ತಲುಪಿಸೋರು ಯಾರು? ಓದಿದ ನಾವಲ್ಲವೇ?

ಖಾಸಗಿ ಆಸ್ಪತ್ರೆಗಳ ಬಗ್ಗೆಯೂ ದಾಖಲೆ ಇದೆ. ಸುಪ್ರೀಂ ಕೋರ್ಟಿನ 2016ರ ಜನವರಿಯ ಆದೇಶದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇರೋ ಕಡೆಯೂ ತಿಂಗಳಿಗೆ 20,000ಕ್ಕಿಂತ ಕಡಿಮೆ ಇರಬಾರದು ಅಂತ ಅದು ಶಿಫಾರಸು ಮಾಡಿತು. ಶಿಫಾರಸು ತಾನಾಗಿ ನಡೆಯೋದಿಲ್ಲ. ಕೇರಳದಲ್ಲಿ 2011ರಲ್ಲಿ ನರ್ಸುಗಳೇ ಸಂಘ ಕಟ್ಟಿಕೊಂಡರು, 2017ರಲ್ಲಿ ದೊಡ್ಡ ಮುಷ್ಕರ ಮಾಡಿದರು, 2018ರ ಏಪ್ರಿಲ್‌ನಲ್ಲಿ 20,000 ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿಕೊಂಡರು.

ಗುತ್ತಿಗೆ ಹೋಗೋದೇ ಇಲ್ಲ ಅನ್ನೋರಿಗೆ ಎರಡು ಉತ್ತರ ಇದೆ. ಒಡಿಶಾ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಗುತ್ತಿಗೆ ನೇಮಕವನ್ನೇ ರದ್ದು ಮಾಡಿ 57,000 ನೌಕರರನ್ನು ಕಾಯಂ ಮಾಡಿತು. ದೂರದ ಮಾತು ಬೇಡ ಅಂದರೆ ನಮ್ಮ ಪೌರಕಾರ್ಮಿಕರನ್ನು ನೋಡಿ. ಪೊರಕೆ ಹಿಡಿದ ನಮ್ಮ ಅವ್ವಂದಿರು 2022ರ ಜುಲೈನಲ್ಲಿ ಕೆಲಸ ನಿಲ್ಲಿಸಿದರು, ಊರು ನಾರಿತು, ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ 11,133 ಪೌರಕಾರ್ಮಿಕರನ್ನು ಕಾಯಂ ಮಾಡೋಕೆ ಒಪ್ಪಿತು. ಅಕ್ಷರ ಬಾರದವರು ಮಾಡಿ ತೋರಿಸಿದ್ದಾರೆ.

ಹಾಗಾದರೆ ನಾವು ಮಾಡಬೇಕಾದ್ದೇನು? ನರ್ಸಿಂಗ್ ಓದೋ ತಂಗಿಯರಿಗೆ ಮೊದಲ ಮಾತು: ಯಾವ ಆಸ್ಪತ್ರೆಗೂ ನಿಮ್ಮ ಮೂಲ ಮಾರ್ಕ್ಸ್ ಕಾರ್ಡು ಬಿಟ್ಟುಕೊಡಬೇಡಿ. ನೇಮಕದ ಪತ್ರ, ಕರಾರು, ಸಂಬಳದ ಚೀಟಿ, ಪಾಳಿಯ ಪಟ್ಟಿ, ಪಿಎಫ್ ನಂಬರು ಎಲ್ಲದರ ನಕಲು ಇಟ್ಟುಕೊಳ್ಳಿ. ನಾಳೆ ಕೋರ್ಟಿನಲ್ಲಿ ಹತ್ತು ವರ್ಷ ದುಡಿದೆ ಅನ್ನೋಕೆ ಕಾಗದವೇ ಸಾಕ್ಷಿ. ಎರಡನೆಯದು: ಒಬ್ಬೊಬ್ಬರೇ ಸಾಹೇಬರ ಮುಂದೆ ಹೋಗಿ ನಿಲ್ಲಬೇಡಿ, ಸಂಘವಾಗಿ ಹೋಗಿ. ಕಾಯಂ ನರ್ಸು, ಗುತ್ತಿಗೆ ನರ್ಸು, ಆಯಾ, ಗ್ರೂಪ್ ಡಿ ಅಂತ ಮೆಟ್ಟಿಲು ಕಟ್ಟಿಕೊಂಡರೆ ಅದೂ ಒಂದು ಜಾತಿಯೇ. ಮೂರನೆಯದು ಹುಡುಗರಿಗೆ: ರಾತ್ರಿ ಪಾಳಿ ಮುಗಿಸಿ ಬಂದ ಅಕ್ಕನಿಗೆ ಒಂದು ಲೋಟ ಕಾಫಿ ಕಾಸಿ ಕೊಡೋಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ. ನಾಲ್ಕನೆಯದು: ನಿಮ್ಮ ಹಾಸ್ಟೆಲಿನಲ್ಲಿ ಮುದ್ದೆ ತಿರುವೋ ಅವ್ವನನ್ನು, ರಾತ್ರಿ ಕಾಯೋ ಅಣ್ಣನನ್ನು ಕೇಳಿ ನೋಡಿ. ಅವರಲ್ಲೂ ಬಹಳ ಜನ ಹೊರಗುತ್ತಿಗೆಯವರೇ. ನರ್ಸುಗಳ ಹೋರಾಟ ಅವರದೂ ಹೌದು, ನಾಳೆ ಡಿಗ್ರಿ ಮುಗಿಸಿ ಅತಿಥಿ ಉಪನ್ಯಾಸಕರಾಗೋ ನಿಮ್ಮದೂ ಹೌದು.

ಮುಂದಿನ ಸಲ ನರ್ಸುಗಳು ತಾಲ್ಲೂಕು ಕಚೇರಿಯ ಮುಂದೆ ಕೂತಾಗ ಪಾಪ ಅಂತ ನೋಡಿಕೊಂಡು ಬಸ್ಸು ಹತ್ತಬೇಡಿ. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ನಮ್ಮ ಬಾಯಲ್ಲಿ ಒಂದೇ ಬೇಡಿಕೆ ಇರಲಿ: ಖಾಯಿಲೆ ಕಾಯಂ ಇದೆ, ರೋಗಿಗಳು ಕಾಯಂ ಇದ್ದಾರೆ, ಆಸ್ಪತ್ರೆ ಕಾಯಂ ಇದೆ. ನರ್ಸನ್ನೂ ಕಾಯಂ ಮಾಡಿ.

ಜೈ ಭೀಮ್.